ಅಪ್ಪ ಮನೆಗೆ ಬಂದ ದಾರಿ

ಕಾಸರಗೋಡು ಪೇಟೆಯಿಂದ ಚೆರ್ಕಳದ ಕಡೆಗೆ ಹೆದ್ದಾರಿ ಹಿಡಿದರೆ, ಕಲೆಕ್ಟರ್ ಕಚೇರಿ ಇರುವ ವಿದ್ಯಾನಗರ ದಾಟಿದ ಮೇಲೆ ನಾಯ್ಮಾರ್ಮೂಲೆ ಸಿಗುತ್ತದೆ. ಮಲಯಾಳದಲ್ಲಿ ನಾಯನ್ಮಾರ್ ಎಂದರೆ ನಾಯರರು. ಹೆಸರನ್ನು ಬಿಡಿಸಿ ಓದಿದರೆ ನಾಯರರ ಮೂಲೆ ಎಂದಾಯಿತು. ಇಂದು ಅಲ್ಲಿ ಬಸ್ಸಿಳಿಯುವವನಿಗೆ ಕಾಣುವುದು ಶಾಲೆ, ಮಸೀದಿ, ಅಂಗಡಿ ಸಾಲು, ಕಾಸರಗೋಡಿನ ಎಲ್ಲ ಪೇಟೆಗಳಲ್ಲೂ ಇರುವಂತೆ ಕೊಲ್ಲಿ ದುಡ್ಡಿನಲ್ಲಿ ಎದ್ದ ಮನೆಗಳು. ಹೆಸರೊಂದು ಹಳೆಯ ಲೆಕ್ಕದ ಪುಸ್ತಕದಂತೆ ಉಳಿದುಕೊಂಡಿದೆ.

ಆ ಪುಸ್ತಕ ತೆರೆದರೆ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಊರಿನ ಹೆಸರಿನಲ್ಲಿರುವ ನಾಯರರು, ಸುತ್ತಲ ಹಳ್ಳಿಗಳ ಬಂಟರು, ಬಿಲ್ಲವರು, ಕಡಲ ಕರೆಯ ಮೊಗವೀರರು, ತೆಂಕಣ ಕರಾವಳಿಯ ಎಷ್ಟೋ ಮಾಪಿಳ್ಳ ಮುಸ್ಲಿಮ್ ಮನೆತನಗಳು ಜಾತಿ, ಮತ, ಮಾತಿನಲ್ಲಿ ಬೇರೆಬೇರೆ. ಆದರೆ ಮಗು ಯಾರ ಮನೆಯದು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರವಿತ್ತು: ತಾಯಿ ಮನೆಯದು. ನಾಯರರೂ ಮಾಪಿಳ್ಳರೂ ಅದನ್ನು ಮರುಮಕ್ಕತ್ತಾಯ ಎಂದರು, ತುಳುನಾಡು ಅಳಿಯಸಂತಾನ ಎಂದಿತು. ಇಲ್ಲಿ ಅಳಿಯ ಎಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಆಸ್ತಿಯ ಮಾತು ಬಂದಾಗ ‘ಯಾರ ಮಗ’ ಎಂದು ಕೇಳಿ ಪ್ರಯೋಜನವಿರಲಿಲ್ಲ, ‘ಯಾರ ಅಳಿಯ’ ಎಂದೇ ಕೇಳಬೇಕಿತ್ತು.

ಇಂದು ಮಗುವಿನ ಬಗ್ಗೆ ಕೇಳುವ ಪ್ರಶ್ನೆ ಬೇರೆ. ಮೂರು ನಾಲ್ಕು ವರ್ಷದ ಮಗು ವಿಪರೀತ ಹಟ ಮಾಡಿದರೆ, ಜೊತೆಯ ಮಕ್ಕಳನ್ನು ಕಚ್ಚಿದರೆ, ಯಾರ ಮಡಿಲಿಗೂ ಹೋಗದೆ ಮೂಲೆ ಹಿಡಿದರೆ ಇಂದಿನ ವೈದ್ಯರು ಮೊದಲು ವಿಚಾರಿಸುವುದು ಮಗುವಿಗೂ ಅಪ್ಪ ಅಮ್ಮನಿಗೂ ಇರುವ ನಂಟನ್ನು. ಗಂಡುಮಗುವಾದರೆ ‘ಅಪ್ಪ ಮನೆಯಲ್ಲಿದ್ದಾರಾ?’ ಎಂಬ ಪ್ರಶ್ನೆ ತುಸು ಬೇಗ ಬರುತ್ತದೆ. ಈ ಪ್ರಶ್ನೆ ನಮಗೆ ಎಷ್ಟು ಸಹಜ ಅನ್ನಿಸಿಬಿಟ್ಟಿದೆ ಎಂದರೆ ಅದಕ್ಕೊಂದು ಚರಿತ್ರೆ ಇರಬಹುದೆಂದು ಹೊಳೆಯುವುದಿಲ್ಲ. ಕಾಸರಗೋಡಿನ ಮಟ್ಟಿಗೆ ಆ ಚರಿತ್ರೆ ಕೋರ್ಟು, ಶಾಸನಸಭೆ, ವಿಮಾನ ನಿಲ್ದಾಣಗಳನ್ನು ಹಾದು ಅಂಗನವಾಡಿಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಬಲಿ ಕೇಳಿದ ಭೂತ

ಅಳಿಯಸಂತಾನ ಹುಟ್ಟಿದ್ದು ಹೇಗೆಂದು ತುಳುನಾಡು ಹೇಳಿಕೊಂಡು ಬಂದ ಐತಿಹ್ಯವೇ ಒಂದು ಮಗುವಿನ ಕಥೆ. ದೇವ ಪಾಂಡ್ಯನೆಂಬ ಅರಸ ಹೊಸ ಹಡಗು ಕಟ್ಟಿಸಿದ. ಹಡಗು ನೀರಿಗಿಳಿಯಬೇಕಾದರೆ ನಿನ್ನ ಮಗನೊಬ್ಬನನ್ನು ಬಲಿ ಕೊಡು ಎಂದು ಕುಂಡೋದರನೆಂಬ ಭೂತ ಕೇಳಿತು. ಅರಸನ ಹೆಂಡತಿ ಒಪ್ಪಲಿಲ್ಲ, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಆಗ ಅರಸನ ತಂಗಿ ಸತ್ಯವತಿ ತನ್ನ ಮಗ ಜಯ ಪಾಂಡ್ಯನನ್ನು ಮುಂದೆ ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ರಾಜ್ಯವನ್ನೂ ಅವನಿಗೇ ಕೊಡಿಸಿತು. ಅವನೇ ಭೂತಾಳ ಪಾಂಡ್ಯ. ಮುಂದೆ ಆಸ್ತಿಯೆಲ್ಲ ಸೋದರಿಯ ಮಕ್ಕಳಿಗೆ ಎಂದು ಕಟ್ಟಳೆ ಮಾಡಿದವನೂ ಅವನೇ ಎನ್ನುತ್ತಾರೆ.

ಈ ಕಟ್ಟಳೆಯೆಂದು ತೋರಿಸಲಾದ ಗ್ರಂಥವನ್ನು 19ನೆಯ ಶತಮಾನದ ವಿದ್ವಾಂಸರೇ ಸಂಶಯದಿಂದ ನೋಡಿದರು. ಭೂತಾಳ ಪಾಂಡ್ಯನಿಗೆ ಕೊಟ್ಟ ಕ್ರಿಸ್ತಶಕದ ಮೊದಲ ಶತಮಾನದ ಕಾಲವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ರೂಢಿ ಮೊದಲಿನದು, ಕಥೆ ಆಮೇಲಿನದು ಎಂಬುದೇ ಹೆಚ್ಚಿನವರ ಮತ. ಹಾಗಿದ್ದರೂ ಕಥೆ ಕಟ್ಟಿದವರ ಜಾಣತನವನ್ನು ಮೆಚ್ಚಬೇಕು. ಮಗನನ್ನು ಬಿಟ್ಟುಕೊಡದ ತಾಯಿ ಈ ಕಥೆಯಲ್ಲಿ ಸೋಲುತ್ತಾಳೆ, ಅಣ್ಣನಿಗಾಗಿ ಮಗನನ್ನು ಕೊಡುವ ತಂಗಿ ಗೆಲ್ಲುತ್ತಾಳೆ. ಅಣ್ಣ ತಂಗಿಯ ನಂಟು ಗಂಡ ಹೆಂಡಿರ ನಂಟಿಗಿಂತ ಗಟ್ಟಿ ಎಂದು ನಂಬಿದ ಸಮಾಜ ಆ ನಂಬಿಕೆಗೆ ಮಗುವನ್ನೇ ಒರೆಗಲ್ಲು ಮಾಡಿಕೊಂಡಿತು.

ಹೆಣ್ಣಿಲ್ಲದ ಕವರು

ಅಳಿಯಸಂತಾನದ ಮನೆಯಲ್ಲಿ ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು ಸೇರಿದರೆ ಒಂದು ಕವರು. ಹಲವು ಕವರುಗಳು ಕೂಡಿ ಕುಟುಂಬ. ಆಡಳಿತ ನಡೆಸುವ ಹಿರಿಯ ಗಂಡಸು ಯಜಮಾನ. ಹಿರಿಯ ಹೆಂಗಸು ಆ ಸ್ಥಾನಕ್ಕೆ ಬಂದರೆ ಅವಳು ಯಜಮಾನ್ತಿ, ಕೋರ್ಟು ಕಚೇರಿಯೂ ಅವಳನ್ನು ಒಪ್ಪುತ್ತಿತ್ತು. ಹೆರುವ ವಯಸ್ಸಿನ ಹೆಣ್ಣಿದ್ದ ಕವರಿಗೆ ಕಾನೂನಿನ ಭಾಷೆಯಲ್ಲಿ ಸಂತತಿ ಕವರು ಎಂದು ಹೆಸರು. ಅಂಥ ಹೆಣ್ಣಿಲ್ಲದಿದ್ದರೆ ನಿಸ್ಸಂತತಿ ಕವರು. ತಾಯಿಗೆ ವಯಸ್ಸಾಗಿ ಐದು ಗಂಡುಮಕ್ಕಳು ಮಾತ್ರ ಇದ್ದರೆ ಆ ಕವರು ನಿಸ್ಸಂತತಿ. ಗಂಡು ಹುಟ್ಟಲಿಲ್ಲವೆಂದು ಕಣ್ಣೀರಿಡುವ ನಾಡುಗಳ ನಡುವೆ, ಹೆಣ್ಣು ಹುಟ್ಟದಿದ್ದರೆ ಮನೆ ದೀಪ ಆರಿತೆಂದು ತಿಳಿಯುವ ಪಟ್ಟಿಯೊಂದು ಕರಾವಳಿಯುದ್ದಕ್ಕೂ ಇತ್ತು.

ಮಗುವಿಗೆ ಇದರಿಂದ ಏನಾಯಿತು? ನಾಯರರ ಕೂಡುಮನೆಯಾದ ತರವಾಡಿನಲ್ಲಿ ಮಗು ಎದ್ದು ಕಣ್ಣುಬಿಟ್ಟರೆ ಸುತ್ತ ಅಮ್ಮ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರು, ಮಾವಂದಿರು. ಸಂಬಂಧಂ ಎಂಬ ರೂಢಿಯ ಮದುವೆ ಮಾಡಿಕೊಂಡ ಗಂಡ ರಾತ್ರಿ ಬಂದು ಬೆಳಿಗ್ಗೆ ಹೋಗುವವನು. ಬಂಟರಲ್ಲಿ ಮಾತ್ರ ಲೆಕ್ಕ ಬೇರೆ. ಧಾರೆಯ ಮದುವೆಯಾಗುತ್ತಿತ್ತು, ಹೆಂಡತಿ ಸಾಮಾನ್ಯವಾಗಿ ಗಂಡನ ಮನೆಗೇ ಹೋಗುತ್ತಿದ್ದಳು, ಮಗು ಅಪ್ಪನ ಅಂಗಳದಲ್ಲೇ ಅಂಬೆಗಾಲಿಡುತ್ತಿತ್ತು. ಆದರೆ ಅದು ಓಡಾಡಿದ ನೆಲದಲ್ಲಿ ಅದಕ್ಕೆ ಹಕ್ಕಿರಲಿಲ್ಲ. ಅಪ್ಪ ಸತ್ತ ಮೇಲೆ ತಾಯಿ ಮಕ್ಕಳು ತವರಿಗೆ ಮರಳಬೇಕು, ಅಲ್ಲಿ ಮಾವನ ಆಜ್ಞೆಯಲ್ಲಿರಬೇಕು. ಹೆಣ್ಣುಮಗು ತನ್ನ ಮೂಲ ಮನೆಯ ಬೇರು ಎನ್ನಿಸಿಕೊಂಡಿತು. ಗಂಡುಮಗು ಎಂದಾದರೊಂದು ದಿನ ಅಪ್ಪನ ಮನೆಯಿಂದ ಮಾವನ ಮನೆಗೆ ನಡೆಯಬೇಕಿತ್ತು.

ಇಂಥ ಮನೆಯಲ್ಲಿ ಅಪ್ಪನ ಪ್ರೀತಿಗೂ ಮಾವನ ಅಧಿಕಾರಕ್ಕೂ ಇರುವ ತಿಕ್ಕಾಟ ದೂರದ ವಿದ್ವಾಂಸರನ್ನೂ ಸೆಳೆಯಿತು. ಬ್ರಾನಿಸ್ಲಾವ್ ಮಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮಾತೃಮೂಲದ ಕುಟುಂಬಗಳನ್ನು ಕಂಡು ಬಂದು 1927ರಲ್ಲಿ ಪುಸ್ತಕ ಬರೆದ. ಅಲ್ಲಿ ಮಗುವನ್ನು ಎತ್ತಿ ಆಡಿಸುವವನು ಅಪ್ಪ, ಗದರಿಸುವವನು ಸೋದರಮಾವ. ಹಾಗಾಗಿ ಗಂಡುಮಗುವಿಗೆ ಅಪ್ಪನ ಮೇಲೆ ಹಗೆ ಇದ್ದೇ ಇರುತ್ತದೆಂಬ ಫ್ರಾಯ್ಡನ ಮಾತು ಎಲ್ಲ ಕಡೆಗೂ ಒಪ್ಪುವುದಿಲ್ಲ ಎಂದು ಅವನ ವಾದ. ಆ ಹಗೆಯನ್ನು ಮಾವನ ಮೇಲೆ ಜಾರಿಸಿಕೊಂಡಿದ್ದಾರೆ ಅಷ್ಟೇ ಎಂದು ಫ್ರಾಯ್ಡನ ಶಿಷ್ಯ ಅರ್ನೆಸ್ಟ್ ಜೋನ್ಸ್ ತಿರುಗೇಟು ಕೊಟ್ಟ. ಜಗಳ ಹರಿಯಲಿಲ್ಲ. ಮಗುವಿನ ಮುನಿಸು ಯಾರ ಕಡೆ ತಿರುಗುತ್ತದೆ ಎಂಬುದು ಮನೆಯ ಕಟ್ಟನ್ನು ಅವಲಂಬಿಸಿರಬಹುದು ಎಂಬ ಸಂಶಯವಾದರೂ ಹುಟ್ಟಿತು.

1891: ಸಾಕ್ಷಿ ಕಟ್ಟೆಯಲ್ಲಿ ಅಪ್ಪ

ಇಂಗ್ಲಿಷರ ಕೋರ್ಟುಗಳಿಗೆ ಈ ವ್ಯವಸ್ಥೆ ಬಿಡಿಸಲಾಗದ ಗಂಟಾಯಿತು. ಗಂಡನಿಗೆ ಹೆಂಡತಿ ಮಕ್ಕಳನ್ನು ಸಾಕುವ ಹೊಣೆಯಿಲ್ಲ, ಮಕ್ಕಳಿಗೆ ಅವನ ಆಸ್ತಿಯಲ್ಲಿ ಪಾಲಿಲ್ಲ ಎಂದ ಮೇಲೆ ಅದು ಮದುವೆಯೇ ಅಲ್ಲ ಎಂದು ಮದರಾಸಿನ ನ್ಯಾಯಾಧೀಶರು ಒಂದಾದ ಮೇಲೊಂದು ತೀರ್ಪಿನಲ್ಲಿ ಹೇಳುತ್ತ ಬಂದರು. ಅದೇ ಹೊತ್ತಿಗೆ ಇಂಗ್ಲಿಷ್ ಓದಿ ವಕೀಲರೂ ಮುನಸೀಫರೂ ಆದ ತರುಣರ ಕೈಗೆ ಸಂಬಳ ಬರತೊಡಗಿತ್ತು. ತಾನು ದುಡಿದದ್ದು ತನ್ನ ಮಕ್ಕಳಿಗೆ ಸೇರಬಾರದೇಕೆ ಎಂಬ ಪ್ರಶ್ನೆ ಅವರದು. ‘ನಿಮ್ಮದು ಮದುವೆಯಲ್ಲ’ ಎಂದು ಕೋರ್ಟಿನಲ್ಲಿ ಕೇಳಿಸಿಕೊಳ್ಳುವುದು ಅವರಿಗೆ ಅವಮಾನವೂ ಆಗಿತ್ತು.

ಅಂಥ ವಕೀಲರಲ್ಲೊಬ್ಬರಾದ ಚೇಟ್ಟೂರು ಶಂಕರನ್ ನಾಯರ್ ಈ ಮದುವೆಗಳಿಗೆ ಕಾನೂನಿನ ಮಾನ್ಯತೆ ಕೊಡುವ ಮಸೂದೆ ತಂದರು. 1891ರಲ್ಲಿ ಸರ್ಕಾರ ಮಲಬಾರ್ ಮದುವೆ ಆಯೋಗ ನೇಮಿಸಿತು. ಅಧ್ಯಕ್ಷರು ಹೈಕೋರ್ಟಿನ ಟಿ. ಮುತ್ತುಸ್ವಾಮಿ ಅಯ್ಯರ್. ಸದಸ್ಯರಲ್ಲಿ ತುಳುನಾಡಿನ ಮುಂಡಪ್ಪ ಬಂಗೇರರಿದ್ದರು. ಎರಡು ವರ್ಷದ ಹಿಂದಷ್ಟೇ ‘ಇಂದುಲೇಖಾ’ ಕಾದಂಬರಿ ಬರೆದಿದ್ದ ಒ. ಚಂದು ಮೇನೋನ್ ಇದ್ದರು. ನಮ್ಮ ಸಂಬಂಧವೇ ಮದುವೆ, ಅದಕ್ಕೆ ಸರ್ಕಾರದ ಮುದ್ರೆ ಏಕೆ ಎಂದು ಚಂದು ಮೇನೋನ್ ಭಿನ್ನಮತ ಬರೆದರು.

1893ರಲ್ಲಿ ರಾಜಾ ರವಿವರ್ಮ ಒಂದು ಚಿತ್ರ ಬರೆದ. ಹೆಂಗಸೊಬ್ಬಳು ಮಗುವನ್ನು ಸೊಂಟದಲ್ಲಿಟ್ಟು ನಿಂತಿದ್ದಾಳೆ. ಕಾಲಬಳಿ ನಾಯಿ. ಮೂವರ ಗಮನವೂ ಚಿತ್ರದ ಚೌಕಟ್ಟಿನ ಆಚೆಗೆ. ಚಿತ್ರದ ಹೆಸರು ‘ಅಗೋ ಅಪ್ಪ ಬಂದರು’ ಎಂಬರ್ಥದ್ದು. ರೂಪದರ್ಶಿ ರವಿವರ್ಮನ ಮಗಳು ಮಹಾಪ್ರಭಾ. ರವಿವರ್ಮನದು ಮರುಮಕ್ಕತ್ತಾಯದ ಮನೆ, ಮಗಳೂ ಬೆಳೆದದ್ದು ಅದೇ ಕಟ್ಟಿನಲ್ಲಿ. ಒಂದು ಕಡೆ ಆಯೋಗದ ವರದಿ, ಇನ್ನೊಂದು ಕಡೆ ಈ ಚಿತ್ರ. ಎರಡರಲ್ಲೂ ಅಪ್ಪ ಬರುತ್ತಿದ್ದಾನೆ, ಆದರೆ ಇನ್ನೂ ಒಳಗೆ ಬಂದಿಲ್ಲ. ಕೇರಳದ ಮಾತೃಮೂಲ ಪದ್ಧತಿಯ ಅವಸಾನದ ಬಗ್ಗೆ 2003ರಲ್ಲಿ ಪುಸ್ತಕ ಬರೆದ ಇತಿಹಾಸಕಾರ್ತಿ ಜಿ. ಅರುಣಿಮಾ ಅದಕ್ಕೆ ಈ ಚಿತ್ರದ ಹೆಸರನ್ನೇ ಇಟ್ಟರು.

1896ರ ಮಲಬಾರ್ ಮದುವೆ ಕಾಯ್ದೆ ಮರುಮಕ್ಕತ್ತಾಯದವರಿಗೂ ಅಳಿಯಸಂತಾನದವರಿಗೂ ಮದುವೆ ನೋಂದಾಯಿಸಿಕೊಳ್ಳುವ ದಾರಿ ತೆರೆಯಿತು. ನೋಂದಾಯಿಸಿದರೆ ಗಂಡನಿಗೆ ಹೆಂಡತಿ ಮಕ್ಕಳ ಹೊಣೆ, ಮಕ್ಕಳಿಗೆ ಅವನ ಸ್ವಂತ ಗಳಿಕೆಯಲ್ಲಿ ಪಾಲು. ಬಂದವರು ತೀರ ಕಡಿಮೆ. ಯಜಮಾನರಿಗೆ ಇದು ಮನೆ ಒಡೆಯುವ ಕಾಯ್ದೆಯಾಗಿ ಕಂಡಿತು. ಉಳಿದವರಿಗೆ, ನೋಂದಾಯಿಸಿದರೆ ಈವರೆಗಿನದು ಮದುವೆಯಲ್ಲವೆಂದು ತಾವೇ ಒಪ್ಪಿಕೊಂಡಂತೆ.

ಮಾತೃಮೂಲದ ಮನೆಯನ್ನು ಒಡೆದದ್ದು ಯಾರು ಎಂಬಲ್ಲಿ ಇತಿಹಾಸಕಾರರು ಒಮ್ಮತದಲ್ಲಿಲ್ಲ. ಬಗ್ಗುತ್ತ ಬಳುಕುತ್ತ ಇದ್ದ ರೂಢಿಯನ್ನು ಬ್ರಿಟಿಷ್ ಕೋರ್ಟುಗಳು ಗಡುಸಾದ ಕಾನೂನು ಮಾಡಿ, ಹಿರಿಯ ಗಂಡಸಿನ ಕೈ ಬಲಪಡಿಸಿ, ಕೊನೆಗೆ ಅದು ತಾನಾಗಿ ಬಿರಿಯುವಂತೆ ಮಾಡಿದವು ಎನ್ನುವುದು ಅರುಣಿಮಾ ಅವರ ವಾದದ ತಿರುಳು. ರಾಬಿನ್ ಜೆಫ್ರಿಯಂಥವರು ಇಂಗ್ಲಿಷ್ ಶಾಲೆ, ನಗದು ಬೆಳೆ, ಸಂಬಳದ ಕೆಲಸಗಳ ಕಡೆ ಬೆರಳು ತೋರಿಸುತ್ತಾರೆ. ಎರಡೂ ಒಂದೇ ನೂಲಿನ ಎಳೆಗಳಾಗಿರಲಿಕ್ಕೂ ಸಾಕು. ಸಂಬಳ ತಂದವನಿಗೆ ಮಗನ ಮೇಲೆ ಆಸೆ ಹುಟ್ಟಿತು, ಆ ಆಸೆಗೆ ಕೋರ್ಟು ಒಂದು ಭಾಷೆ ಕೊಟ್ಟಿತು.

ಮುಂದಿನ ಹೆಜ್ಜೆಗಳು ದೊಡ್ಡವು. ಮದರಾಸಿನ ಮರುಮಕ್ಕತ್ತಾಯ ಕಾಯ್ದೆ 1933ರಲ್ಲಿ ಜಾರಿಗೆ ಬಂದು ಸಂಬಂಧವನ್ನು ನೇರವಾಗಿ ಮದುವೆಯೆಂದು ಒಪ್ಪಿತು. ಅಪ್ರಾಪ್ತ ಮಕ್ಕಳ ಪೋಷಕ ಅಪ್ಪನೇ ಎಂದಿತು. ಕೆಲವೇ ವರ್ಷಗಳಲ್ಲಿ ಮಾಪಿಳ್ಳರ ಮರುಮಕ್ಕತ್ತಾಯಕ್ಕೂ ಪ್ರತ್ಯೇಕ ಕಾಯ್ದೆ ಬಂದು ಪಾಲುಪಟ್ಟಿಗೆ ಅವಕಾಶವಾಯಿತು. ತುಳುನಾಡಿನ ಸರದಿ ತಡವಾಗಿ ಬಂತು. 1949ರ ಅಳಿಯಸಂತಾನ ಕಾಯ್ದೆ ಕವರುಗಳು ಪಾಲು ಕೇಳುವುದಕ್ಕೂ ಹೆಂಡತಿ ಮಕ್ಕಳು ಗಂಡಸಿನ ಸ್ವಂತ ಆಸ್ತಿಗೆ ವಾರಸುದಾರರಾಗುವುದಕ್ಕೂ ದಾರಿ ಮಾಡಿತು. 1896ರಲ್ಲಿ ಬೇಕಾದವರು ತೆರೆದುಕೊಳ್ಳಬಹುದಾಗಿದ್ದ ಬಾಗಿಲು ಈಗ ಎಲ್ಲರಿಗೂ ತೆರೆದಿತ್ತು. ಅಪ್ಪ ಒಳಗೆ ಬಂದ.

ಜಿನೀವಾದ ವರದಿ, ಕಂಪಾಲಾದ ಜಗಲಿ

ಸರಿಯಾಗಿ ಅದೇ ಹೊತ್ತಿಗೆ ಯುರೋಪಿನಲ್ಲಿ ಇನ್ನೊಂದು ವಿಚಾರಣೆ ನಡೆದಿತ್ತು. ಎರಡನೆಯ ಮಹಾಯುದ್ಧದಿಂದ ಲಕ್ಷಾಂತರ ಮಕ್ಕಳು ಮನೆಮಠ ಕಳೆದುಕೊಂಡಿದ್ದರು. ಅವರ ಮನಸ್ಸಿಗೆ ಏನಾಗಿದೆ ನೋಡಿ ಹೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿಯನ್ನು ಕೇಳಿತು. 1951ರಲ್ಲಿ ವರದಿ ಬಂತು. ಮಗುವಿನ ಮನಸ್ಸು ನೆಟ್ಟಗಿರಲು ತಾಯಿಯ, ಇಲ್ಲವೇ ತಾಯಿಯಂತೆ ಬಿಡದೆ ನೋಡಿಕೊಳ್ಳುವ ಒಬ್ಬರ ಬೆಚ್ಚಗಿನ ನಂಟು ಬೇಕೇಬೇಕು ಎಂಬುದು ಅದರ ಸಾರ. ಬೌಲ್ಬಿ ಸ್ವತಃ ಬೆಳೆದದ್ದು ದಾದಿಯ ಕೈಯಲ್ಲಿ. ಅವನಿಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ಆಕೆ ಕೆಲಸ ಬಿಟ್ಟು ಹೋಗಿದ್ದಳು. ತಾಯಿಯನ್ನೇ ಕಳೆದುಕೊಂಡಂತಾಯಿತು ಎಂದು ಮುಂದೆ ಅವನೇ ನೆನೆದುಕೊಂಡಿದ್ದಾನೆ.

ಈ ವರದಿಯ ‘ತಾಯಿಯಂತೆ ನೋಡಿಕೊಳ್ಳುವ ಒಬ್ಬರು’ ಎಂಬ ಮಾತು ಓದುಗರ ನೆನಪಿನಿಂದ ಬೇಗ ಅಳಿಸಿಹೋಯಿತು, ‘ತಾಯಿ’ ಉಳಿಯಿತು. ದುಡಿಯಲು ಹೋಗುವ ಹೆಂಗಸರನ್ನು ಗದರಿಸಲು ಅದು ಕೋಲಾಯಿತು. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಮೊದಲಾದವರು ಆಕ್ಷೇಪಿಸಿದರು. ಹಲವು ಕೈಗಳಲ್ಲಿ ಬೆಳೆದ ಮಕ್ಕಳು ಲೋಕದ ತುಂಬ ಇದ್ದಾರೆ ಎಂಬುದು ಅವರ ತಕರಾರು. ವಿಶ್ವ ಆರೋಗ್ಯ ಸಂಸ್ಥೆಯೇ 1962ರಲ್ಲಿ ಈ ವಾದವನ್ನು ಮರುಪರಿಶೀಲಿಸಿ ಇನ್ನೊಂದು ಸಂಪುಟ ತಂದಿತು.

ಬೌಲ್ಬಿಯ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ 1954ರಲ್ಲಿ ಗಂಡನೊಡನೆ ಉಗಾಂಡಕ್ಕೆ ಹೋದಳು. ಕಂಪಾಲಾದ ಸುತ್ತಲಿನ ಹಳ್ಳಿಗಳಲ್ಲಿ 26 ಮನೆಗಳ ತಾಯಿ ಮಕ್ಕಳನ್ನು ತಿಂಗಳುಗಟ್ಟಲೆ ಕೂತು ನೋಡಿದಳು. ಮುಂದೆ ಅಮೆರಿಕದ ಬಾಲ್ಟಿಮೋರಿನಲ್ಲಿ ಒಂದು ಪರೀಕ್ಷೆ ರೂಪಿಸಿದಳು. ಒಂದು ವರ್ಷದ ಮಗು ಆಟಿಕೆಗಳಿರುವ ಅಪರಿಚಿತ ಕೋಣೆಯಲ್ಲಿ. ಹೊಸಬಳೊಬ್ಬಳು ಬರುತ್ತಾಳೆ, ತಾಯಿ ಹೊರಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ಮರಳುತ್ತಾಳೆ. ನೋಡಬೇಕಾದದ್ದು ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದನ್ನಲ್ಲ ಎಂದು ಐನ್ಸ್‌ವರ್ತಳಿಗೆ ಹೊಳೆಯಿತು. ಮರಳಿ ಬಂದಾಗ ಹೇಗೆ ಬರಮಾಡಿಕೊಂಡಿತು ಎಂಬುದರಲ್ಲಿ ಗುಟ್ಟಿದೆ. ಕೆಲವು ಮಕ್ಕಳು ಓಡಿಬಂದು ತಬ್ಬಿ, ಬಿಕ್ಕು ನಿಂತ ಮೇಲೆ ಆಟಕ್ಕೆ ಮರಳುತ್ತವೆ. ಕೆಲವು ತಾಯಿ ಬಂದದ್ದೇ ಗೊತ್ತಿಲ್ಲದಂತೆ ಮುಖ ತಿರುಗಿಸುತ್ತವೆ. ಇನ್ನು ಕೆಲವು ತಬ್ಬಿಕೊಂಡೂ ಒದೆಯುತ್ತವೆ, ಸಮಾಧಾನವಾಗುವುದೇ ಇಲ್ಲ. ಮೊದಲನೆಯದನ್ನು ಭದ್ರವಾದ ನಂಟು ಎಂದರು, ಉಳಿದೆರಡನ್ನು ಅಭದ್ರ.

1964ರಲ್ಲಿ ಗ್ಲಾಸ್ಗೋ ನಗರದ 60 ಶಿಶುಗಳನ್ನು ನೋಡಿದ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಒಂದು ಮುಖ್ಯ ತಿದ್ದುಪಡಿ ಕೊಟ್ಟರು. ಒಂದೂವರೆ ವರ್ಷವಾಗುವಷ್ಟರಲ್ಲಿ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹಚ್ಚಿಕೊಂಡಿದ್ದವು: ಅಪ್ಪ, ಅಜ್ಜಿ, ಅಣ್ಣ, ನೆರೆಮನೆಯವರು. ಹೊಟ್ಟೆಗೆ ಹಾಕಿದವರಿಗೆ ಅಂಟಿಕೊಳ್ಳುತ್ತವೆ ಎನ್ನುವ ಹಾಗೂ ಇರಲಿಲ್ಲ. ಕರೆದರೆ ಓಗೊಡುವವರಿಗೆ, ನಕ್ಕರೆ ನಗುವವರಿಗೆ ಅಂಟಿಕೊಂಡಿದ್ದವು. ಕಾಸರಗೋಡಿನ ಯಾವ ಅಜ್ಜಿಯನ್ನು ಕೇಳಿದ್ದರೂ ಇಷ್ಟು ಹೇಳಿರುತ್ತಿದ್ದಳು. ಆದರೆ ಆ ಅಜ್ಜಿಯ ಮನೆ ಆಗಲೇ ಪಾಲಾಗತೊಡಗಿತ್ತು.

1975: ಒಂದು ಬಾಗಿಲು ಮುಚ್ಚಿ, ಒಂದು ತೆರೆದು

1956 ಕಾಸರಗೋಡಿಗೆ ಎರಡು ಪೆಟ್ಟಿನ ವರ್ಷ. ಜೂನಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾಯಿತು. ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಕಡಿದು ಕೇರಳಕ್ಕೆ ಸೇರಿತು. ಚಂದ್ರಗಿರಿಯಿಂದ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದರೂ ಗಡಿ ಕದಲಲಿಲ್ಲ. ಗಡಿಯ ಕಥೆಯನ್ನು ನಾವು ಭಾಷೆಯ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಅದು ಕುಟುಂಬದ ಕಥೆಯೂ ಹೌದು. ಮಂಜೇಶ್ವರದ ಈಚೆ ಆಚೆ ನೆಲವಿದ್ದ ಒಂದೇ ಕುಟುಂಬಕ್ಕೆ ಇನ್ನು ಎರಡು ರಾಜ್ಯಗಳ ಕಾನೂನು.

ಕೇರಳ ವಿಧಾನಸಭೆ 1975ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡುವ ಕಾಯ್ದೆ ತಂದಿತು. 1976ರ ಡಿಸೆಂಬರ್ 1ರಿಂದ ತರವಾಡು, ಕುಟುಂಬ, ಕವರು ಎಲ್ಲವೂ ಕಾನೂನಿನ ದೃಷ್ಟಿಯಲ್ಲಿ ಇಲ್ಲವಾದವು. ಸದಸ್ಯರೆಲ್ಲ ತಲೆಗಿಷ್ಟು ಎಂದು ಪಾಲು ಹಿಡಿದ ಬಿಡಿ ಮಾಲೀಕರಾದರು. ಅದೇ 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, ಕೇರಳದಲ್ಲಿ ಮಲಪ್ಪುರಂ ಜಿಲ್ಲೆಯ ವೆಂಗರ ಆ ಪಟ್ಟಿಯಲ್ಲಿದ್ದವು. ಅಂಗನವಾಡಿ ಹುಟ್ಟಿತು.

ಈ ಎರಡಕ್ಕೂ ಪರಸ್ಪರ ಪರಿಚಯವಿರಲಿಲ್ಲ. ಒಂದು ಭೂಮಿ ಆಸ್ತಿಯ ಕಾಯ್ದೆ, ಇನ್ನೊಂದು ಪೌಷ್ಟಿಕತೆಯ ಯೋಜನೆ. ಆದರೆ ಮಗುವಿನ ಎತ್ತರದಿಂದ ನೋಡಿದರೆ ಎರಡೂ ಒಂದೇ ಘಟನೆ. ಅಮ್ಮ ಗದ್ದೆಗೆ, ಬೀಡಿ ಕಟ್ಟಲಿಕ್ಕೆ, ಕಚೇರಿಗೆ ಹೋದಾಗ ಮಗುವನ್ನು ಎತ್ತಿಕೊಳ್ಳಲು ಮನೆ ತುಂಬ ಇದ್ದ ಚಿಕ್ಕಮ್ಮ ದೊಡ್ಡಮ್ಮಂದಿರು ಅವರವರ ಪಾಲಿನ ಮನೆಗೆ ಹೋದರು. ಅವರ ಜಾಗದಲ್ಲಿ ಸರ್ಕಾರ ಗೌರವಧನ ಕೊಟ್ಟು ಒಬ್ಬ ಟೀಚರನ್ನೂ ಒಬ್ಬ ಸಹಾಯಕಿಯನ್ನೂ ಕೂರಿಸಿತು. ಇಪ್ಪತ್ತು ಮೂವತ್ತು ಮಕ್ಕಳಿಗೆ ಎರಡು ಮಡಿಲು.

ಕಳೆದದ್ದಕ್ಕೆಲ್ಲ ಕಣ್ಣೀರು ಹಾಕುವುದೂ ಸರಿಯಲ್ಲ. ಯಜಮಾನನ ದರ್ಬಾರು ಎಲ್ಲ ಮನೆಯಲ್ಲೂ ಹಿತವಾಗಿರಲಿಲ್ಲ. ಅಪ್ಪನಿಲ್ಲದ ಹುಡುಗ ತರವಾಡಿನಲ್ಲಿ ಉಣ್ಣುವ ಅವಮಾನ ಎಂಥದೆಂದು ಎಂ.ಟಿ. ವಾಸುದೇವನ್ ನಾಯರ್ 1958ರ ‘ನಾಲುಕೆಟ್ಟು’ ಕಾದಂಬರಿಯಲ್ಲಿ ಬರೆದಿದ್ದಾರೆ. ಹಾಗೆಂದು ಅಪ್ಪನ ಆಡಳಿತ ಬಂದಾಕ್ಷಣ ಎಲ್ಲ ನೆಟ್ಟಗಾಯಿತು ಎಂದೂ ಅಲ್ಲ. ಕಾಸರಗೋಡಿನ ಚಂದ್ರಗಿರಿಯಲ್ಲಿ ಹುಟ್ಟಿ ಕನ್ನಡದಲ್ಲಿ ಬರೆದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಮಗಳ ಸಂಸಾರವನ್ನು ಮುರಿಯುವುದು ಅಪ್ಪನ ಹಟ. ಮಾವನ ಕೈಯಿಂದ ಅಪ್ಪನ ಕೈಗೆ ಬಂದ ಕೀಲಿಕೈ ಹೆಣ್ಣಿನ ಕೈಗೆ ಬರಲಿಲ್ಲ. ನಿಸ್ಸಂತತಿ ಎಂಬ ಮಾತು ಕಾಯ್ದೆಯಿಂದ ಹೋಯಿತು. ಅದರ ಜೊತೆಗೆ, ಹೆಣ್ಣು ಹುಟ್ಟಿದರೆ ಮನೆ ಉಳಿಯಿತು ಎನ್ನುವ ನೆಮ್ಮದಿಯೂ ಸಡಿಲವಾಯಿತು.

ಕಡಲಾಚೆಯ ಅಪ್ಪ

ಕಾನೂನು ಎಂಬತ್ತು ವರ್ಷ ಕಷ್ಟಪಟ್ಟು ಮನೆಯೊಳಗೆ ತಂದ ಅಪ್ಪನನ್ನು ಎಣ್ಣೆಯ ದೇಶಗಳು ಹೊರಗೆ ಕರೆದುಕೊಂಡವು. 1970ರ ದಶಕದ ನಡುವೆ ತೈಲ ಬೆಲೆ ಏರಿ ಕೊಲ್ಲಿಯಲ್ಲಿ ಕಟ್ಟಡ, ರಸ್ತೆ, ಅಂಗಡಿಗಳಿಗೆ ಜನ ಬೇಕಾದರು. ತರವಾಡು ರದ್ದಾದ ದಶಕವೇ ಅದು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದವರು 1998ರಲ್ಲಿ ಮೊದಲ ವಲಸೆ ಸಮೀಕ್ಷೆ ನಡೆಸಿದಾಗ ಹೊರದೇಶದಲ್ಲಿದ್ದ ಕೇರಳದವರು ಸುಮಾರು 13.6 ಲಕ್ಷ. 2018ರಲ್ಲಿ ಸುಮಾರು 21 ಲಕ್ಷ. ಬಹುಪಾಲು ಗಂಡಸರು, ಬಹುಪಾಲು ಕೊಲ್ಲಿಯಲ್ಲಿ.

ಅವರ ಹೆಂಡಂದಿರ ಬಗ್ಗೆ ಲೀಲಾ ಗುಲಾಟಿ 1993ರಲ್ಲಿ ಪುಸ್ತಕ ಬರೆದರು. ಬ್ಯಾಂಕು, ಸಾಲ, ಮನೆ ಕಟ್ಟಿಸುವುದು, ಮಕ್ಕಳ ಶಾಲೆ ಎಲ್ಲವೂ ಹೆಂಗಸಿನ ಹೆಗಲಿಗೆ ಬಂದಿತ್ತು. ಹಲವರು ಮಕ್ಕಳೊಂದಿಗೆ ತವರಲ್ಲೇ ಉಳಿದರು. ತಾಯಿ ಮನೆ, ಅಜ್ಜಿ, ಮಾವ, ಆಗೊಮ್ಮೆ ಈಗೊಮ್ಮೆ ಬರುವ ಗಂಡ. ಹೊಸಿಲು ಕಾಂಕ್ರೀಟಿನದಾಗಿದ್ದರೂ ಒಳಗಿನ ಕಟ್ಟು ಹಳೆಯದನ್ನೇ ಹೋಲುತ್ತಿತ್ತು. ಒಂದೇ ವ್ಯತ್ಯಾಸ, ತರವಾಡಿನ ಮಗುವಿಗೆ ಅಪ್ಪನನ್ನು ಕಾಯಬೇಕೆಂದು ಯಾರೂ ಹೇಳಿರಲಿಲ್ಲ. ಕೊಲ್ಲಿ ಮನೆಯ ಮಗುವಿಗೆ ಗೋಡೆಯ ಮೇಲೆ ಅಪ್ಪನ ಫೋಟೋ ತೋರಿಸಿ, ಫೋನಿನಲ್ಲಿ ಅವನ ದನಿ ಕೇಳಿಸಿ, ರಜೆಗೆ ಬರುತ್ತಾರೆ ಎಂದು ದಿನವೂ ಹೇಳಲಾಗುತ್ತದೆ.

ಅಪ್ಪ ಬಂದ ದಿನ ನಡೆಯುವುದನ್ನು ಈ ಜಿಲ್ಲೆಯವರೆಲ್ಲ ಬಲ್ಲರು. ಪೆಟ್ಟಿಗೆ ಬಿಚ್ಚುವ ಮೊದಲೇ ಎರಡು ಕೈ ಚಾಚಿದವನನ್ನು ನೋಡಿ ಮೂರು ವರ್ಷದ ಮಗು ಅಜ್ಜಿ ಉಮ್ಮಾಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ರಾತ್ರಿ ‘ಇವರು ಯಾವಾಗ ಹೋಗುತ್ತಾರೆ?’ ಎಂದು ಕೇಳುತ್ತದೆ. ಹೊಂದಿಕೊಂಡು ಹೆಗಲೇರುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಮತ್ತೆ ವಾರಗಟ್ಟಲೆ ಹಟ, ಹಾಸಿಗೆ ಒದ್ದೆ, ತಂಗಿಗೆ ಗುದ್ದು. ಊರವರು ಇದಕ್ಕೆ ‘ಅಪ್ಪನ ನೆನಪು’ ಎನ್ನುತ್ತಾರೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಉರಿದು 158 ಮಂದಿ ಸತ್ತಾಗ ಅವರಲ್ಲಿ ಕಾಸರಗೋಡಿನವರು ಬಹಳ ಮಂದಿ. ಬರುವಿಕೆಗೆ ಕಾಯುವುದನ್ನೇ ಬಾಲ್ಯ ಮಾಡಿಕೊಂಡ ಎಷ್ಟೋ ಮನೆಗಳಿಗೆ ಆ ದಿನ ಏನಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಗಂಡುಮಗುವಿನ ತಂಟೆ

ಸಂಶೋಧಕರು ಇಷ್ಟರಲ್ಲಿ ಎಣಿಸಲು ಕಲಿತಿದ್ದರು. ಪಸ್ಕೊ ಫಿಯರನ್ ಮತ್ತು ಸಂಗಡಿಗರು 2010ರಲ್ಲಿ 69 ಗುಂಪುಗಳ 5,947 ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಶೈಶವದಲ್ಲಿ ನಂಟು ಅಭದ್ರವಾಗಿದ್ದ ಮಕ್ಕಳಲ್ಲಿ ಮುಂದೆ ಹೊಡೆಯುವ, ಎದುರು ನಿಲ್ಲುವ, ಸಿಟ್ಟಿಗೇಳುವ ನಡವಳಿಕೆ ಹೆಚ್ಚು ಕಂಡಿತು. ಪರಿಣಾಮ ಅಗಾಧವೇನಲ್ಲ, ಆದರೆ ತಳ್ಳಿಹಾಕುವಂಥದೂ ಅಲ್ಲ. ಈ ಕೊಂಡಿ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಿಗಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ತಜ್ಞರು ಹಳ್ಳಿ, ಕೊಳೆಗೇರಿ, ಮಧ್ಯಮ ವರ್ಗದ ಬಡಾವಣೆಗಳಿಂದ 16 ವರ್ಷದೊಳಗಿನ 2,064 ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶೇ. 12.5ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಮೂರೂ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಫಿಯರನ್ ಕಂಡ ಗಂಡು ಹೆಣ್ಣಿನ ಅಂತರಕ್ಕೆ ಕಾರಣವೇನು ಎಂಬಲ್ಲಿ ಭಾರತದ ಮಟ್ಟಿಗೆ ಒಂದು ಹಳೆಯ ವಾದವಿದೆ. ಸುಧೀರ್ ಕಕ್ಕರ್ 1978ರಲ್ಲಿ ಬರೆದ ಪ್ರಕಾರ, ಇಲ್ಲಿಯ ಗಂಡುಮಗು ತಾಯಿಯ ಸೆರಗಿನಲ್ಲಿ ಮುದ್ದಾಗಿ ಬೆಳೆದು ನಾಲ್ಕೈದನೆಯ ವರ್ಷಕ್ಕೆ ಒಮ್ಮೆಲೇ ಗಂಡಸರ ಕಟ್ಟುನಿಟ್ಟಿನ ಲೋಕಕ್ಕೆ ಬೀಳುತ್ತದೆ, ಅದು ಎರಡನೆಯ ಹುಟ್ಟಿನಷ್ಟು ನೋವಿನದು. ಸ್ಟ್ಯಾನ್ಲಿ ಕರ್ಟ್ಸ್ 1992ರಲ್ಲಿ ಇದನ್ನು ಒಪ್ಪಲಿಲ್ಲ. ಭಾರತದ ಮಗು ಒಬ್ಬ ತಾಯಿಯಿಂದ ಹಲವು ತಾಯಂದಿರ ಗುಂಪಿಗೆ ಮೆಲ್ಲನೆ ಸಾಗುತ್ತದೆ ಎಂದ. ಭುವನೇಶ್ವರದ ಕುಟುಂಬಗಳನ್ನು ದಶಕಗಳ ಕಾಲ ನೋಡಿದ ಸೂಸನ್ ಸೇಮೂರ್ ಕೂಡ ಹಲವು ಕೈಗಳ ಪಾಲನೆಯನ್ನೇ ಕಂಡಳು. ಈ ಮೂವರ ಮುಂದೆ ಕಾಸರಗೋಡನ್ನು ಇಟ್ಟರೆ ಇನ್ನೊಂದು ಸಾಧ್ಯತೆ ತೋರುತ್ತದೆ. ಇಲ್ಲಿ ಗಂಡುಮಗು ಬಹಳ ಕಾಲದಿಂದ ಸ್ಥಳಾಂತರದ ಮಗು. ಹಿಂದೆ ಅಪ್ಪನ ಮನೆಯಿಂದ ಮಾವನ ಮನೆಗೆ ಹೋಗುತ್ತಿತ್ತು, ಈಗ ದೊಡ್ಡದಾದ ಮೇಲೆ ಅಪ್ಪ ಹೋದ ದೇಶಕ್ಕೇ ಹೋಗುತ್ತದೆ. ‘ಅಪ್ಪ ಇಲ್ಲದ್ದಕ್ಕೇ ಈ ತಂಟೆ’ ಎಂದು ಸುಲಭವಾಗಿ ಹೇಳಿಬಿಡುವ ನಾವು, ಹೆಣ್ಣುಮಗು ಸದ್ದಿಲ್ಲದೆ ಮೂಲೆ ಸೇರಿದರೆ ‘ಪಾಪದ ಹುಡುಗಿ’ ಎಂದು ಹೊಗಳುತ್ತೇವೆ. ಗಂಡಿನ ತಂಟೆ ಲೆಕ್ಕಕ್ಕೆ ಸಿಗುತ್ತದೆ, ಹೆಣ್ಣಿನ ಮೌನ ಒಳ್ಳೆಯ ನಡತೆಯಾಗಿ ದಾಟಿಹೋಗುತ್ತದೆ.

1891ರಿಂದ ಈವರೆಗೆ ದೊಡ್ಡವರು ಕೇಳುತ್ತ ಬಂದದ್ದು ಮಗು ಯಾರದು ಎಂದು. ಆಯೋಗ ಕೇಳಿತು, ಶಾಸನಸಭೆ ಕೇಳಿತು, ಕೋರ್ಟು ಕೇಳಿತು. ಗ್ಲಾಸ್ಗೋದ ಶಿಶುಗಳಿಂದ ಬಂದ ಉತ್ತರ ಬೇರೆ ಪ್ರಶ್ನೆಯದು: ನನ್ನ ಅಳು ಕೇಳಿ ಬರುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಸಿಕ್ಕ ಮನೆಗಳೂ ಇದ್ದವು, ಸಿಗದ ಮನೆಗಳೂ ಇದ್ದವು. ತರವಾಡಿನಲ್ಲೂ ಇದ್ದವು, ಅಪ್ಪ ಅಮ್ಮ ಇಬ್ಬರೇ ಇರುವ ಫ್ಲ್ಯಾಟಿನಲ್ಲೂ ಇವೆ.

ಅಂಗನವಾಡಿ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತರೆ ಐನ್ಸ್‌ವರ್ತಳ ಪರೀಕ್ಷೆಯನ್ನು ಯಾವ ಕೋಣೆಯೂ ಇಲ್ಲದೆ ನೋಡಬಹುದು. ಕರೆದೊಯ್ಯಲು ಅಮ್ಮಂದಿರು ಬರುತ್ತಾರೆ, ಅಜ್ಜಿ ಬರುತ್ತಾಳೆ, ಸ್ಕೂಟರಿನಲ್ಲಿ ಮಾವ ಬರುತ್ತಾನೆ, ರಜೆಯಲ್ಲಿರುವ ಅಪ್ಪ ತುಸು ಸಂಕೋಚದಿಂದ ಹಿಂದೆ ನಿಂತಿರುತ್ತಾನೆ. ಚೀಲ ಬೆನ್ನಿಗೇರಿಸಿಕೊಂಡ ಮಕ್ಕಳು ಬಾಗಿಲಲ್ಲಿ ಒಂದು ಕ್ಷಣ ನಿಂತು, ತಮ್ಮವರು ಎಲ್ಲಿ ಎಂದು ಗುಂಪಿನಲ್ಲಿ ಹುಡುಕುತ್ತವೆ. ಆಮೇಲೆ ಓಡುತ್ತವೆ. ಯಾರ ಕಡೆ ಓಡುತ್ತವೆ ಎಂಬುದನ್ನು ಯಾವ ಕಾಯ್ದೆಯೂ ಅವಕ್ಕೆ ಹೇಳಿಕೊಟ್ಟಿಲ್ಲ.